ನಿಕಾನ್ ಡಿ5300 ಕ್ಯಾಮೆರಾಗೆ ತಂದೆಯ ಹಳೆಯ ಹೆಲಿಯೋಸ್ 44-2 ಲೆನ್ಸ್ ಹಾಕಬೇಕು. ನೇರ ಕೂರದು, ನಡುವೆ ಅಡಾಪ್ಟರ್ ರಿಂಗ್ ಬೇಕು. ಗಾಜಿರುವ ಅಡಾಪ್ಟರ್ ಒಳ್ಳೆಯದೋ, ಗಾಜಿಲ್ಲದ್ದೋ?

ಎರಡೂ ಬೇಡ. ಇದೇ ಲೆನ್ಸಿಗೆ ನಾನು ಕೊಂಡದ್ದು ಗಾಜಿರುವ ಅಡಾಪ್ಟರ್. ಎಫ್/2ರಲ್ಲಿ, ಅಂದರೆ ಅಪರ್ಚರ್ (ಬೆಳಕು ಬರುವ ಕಂಡಿ) ಪೂರ್ತಿ ತೆರೆದು ತೆಗೆದ ಪ್ರತಿ ಚಿತ್ರಕ್ಕೂ ಹಾಲಿನ ಕೆನೆ ಕಟ್ಟಿದಂಥ ಮಸುಕು. ಲೆನ್ಸಿನೊಳಗೆ ಮಂಜು ಕೂತಿದೆ ಅಂದುಕೊಂಡು ಬಿಚ್ಚಿದೆ, ಕೆಟ್ಟದ್ದು ಅಲ್ಲೇ.

ಫೋಕಸ್ ರಿಂಗಿನ ಒಳಗಿರುವ, ಲೆನ್ಸನ್ನು ಹಿಂದೆ ಮುಂದೆ ಸರಿಸುವ ಹೆಲಿಕಾಯ್ಡ್ ಮಾಮೂಲಿ ಸ್ಕ್ರೂ ಥರ ಒಂದೇ ಥ್ರೆಡ್ಡಿನದಲ್ಲ. ಹಲವು ಥ್ರೆಡ್ಡುಗಳು ಒಂದರ ಪಕ್ಕ ಒಂದು ಶುರುವಾಗುತ್ತವೆ. ಎರಡು ಭಾಗ ಕಳಚಿಕೊಳ್ಳುವ ಆ ಒಂದು ಜಾಗವನ್ನು ಸೂಜಿಯಿಂದ ಗೀಚಿ ಗುರುತು ಹಾಕಿಕೊಳ್ಳಬೇಕು. ನಾನು ಹಾಕಲಿಲ್ಲ. ಮತ್ತೆ ಕೂರಿಸುವಾಗ ಪಕ್ಕದ ಥ್ರೆಡ್ಡಿಗೆ ಸಿಕ್ಕಿಕೊಂಡರೂ ರಿಂಗ್ ಸಲೀಸಾಗಿ ತಿರುಗುತ್ತದೆ, ಕೈಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದರೆ ಕೆತ್ತಿದ ದೂರಕ್ಕೂ ನಿಜವಾದ ದೂರಕ್ಕೂ ತಾಳೆ ತಪ್ಪುತ್ತದೆ, ದೂರದ ಬೆಟ್ಟ ಸ್ಪಷ್ಟವಾಗುವ ಮೊದಲೇ ರಿಂಗ್ ನಿಂತುಬಿಡುತ್ತದೆ. ಒಳಗಿನ ಗಾಜೆಲ್ಲ ಶುಭ್ರವಾಗಿಯೇ ಇತ್ತು. ಮಸುಕು ಅಡಾಪ್ಟರಿನ ಗಾಜಿನದು.

ಆದ್ದರಿಂದ ಬಿಚ್ಚುವ ಮುಂಚೆ ಪರೀಕ್ಷೆ ಮಾಡಿ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಮಂಜಾದರೆ ಬೆಳಕು ಬೆಳ್ಳಗೆ ಹರಡುತ್ತದೆ, ಫಂಗಸ್ಸಾದರೆ ಜೇಡರ ಬಲೆಯಂಥ ಎಳೆ ಕಾಣುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲವನ್ನು ಚರ್ಮದ ಕೇಸಿನೊಳಗೇ ಕಳೆದ ಲೆನ್ಸಾದರಂತೂ ಇದನ್ನು ಬಿಡಲೇಬೇಡಿ.

ಅಡಾಪ್ಟರಿಗೆ ಗಾಜು ಯಾಕೆ ಅಂದರೆ, ನಿಮ್ಮ ಲೆನ್ಸಿನ ಎಂ42 ಮೌಂಟಿನಿಂದ (ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗ) ಫಿಲಂವರೆಗೆ 45.46 ಮಿ.ಮೀ. ಇರಬೇಕು. ನಿಕಾನ್ ಎಫ್ ಮೌಂಟಿನಿಂದ ಸೆನ್ಸರಿಗೆ 46.5 ಮಿ.ಮೀ. ಅಡಾಪ್ಟರ್ ದಪ್ಪ ಸೊನ್ನೆಯಾದರೂ ಲೆನ್ಸ್ 1.04 ಮಿ.ಮೀ. ಮುಂದೆ ನಿಲ್ಲುತ್ತದೆ. 58 ಮಿ.ಮೀ. ಲೆನ್ಸಿಗೆ ಅಷ್ಟೇ ಸಾಕು, ಸುಮಾರು 3.3 ಮೀಟರ್ ಆಚೆ ಏನೂ ಫೋಕಸ್ ಆಗದು. ಅಡಾಪ್ಟರ್ 1 ಮಿ.ಮೀ. ದಪ್ಪವಿದ್ದರೆ ಮಿತಿ 1.7 ಮೀಟರಿಗೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಒಳಗೊಂದು ಗಾಜು ಸೇರಿಸುತ್ತಾರೆ. ಅಗ್ಗದ ಆ ಗಾಜು ಎಫ್/2ರಲ್ಲಿ ಲೆನ್ಸಿನ ಮಾನ ಕಳೆಯುತ್ತದೆ. ಮುಖದ ಚಿತ್ರ, ಹೂವು ಇಷ್ಟೇ ಸಾಕೆಂದರೆ ಗಾಜಿಲ್ಲದ್ದು ನಡೆಯುತ್ತದೆ.

ನನ್ನ ಮಾತು ಕೇಳುವುದಾದರೆ ಬಾಡಿ ಬದಲಿಸಿ. ಹೆಲಿಯೋಸ್ ಅನ್ನುವುದು ಜೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸದ ಮೇಲೆ ನಿಂತದ್ದು. ಹಿನ್ನೆಲೆಯ ಎಲೆಗಳು ಸುಳಿಯಾಗಿ ತಿರುಗುವುದು ಚೌಕಟ್ಟಿನ ಅಂಚಿನಲ್ಲಿ. ನಿಮ್ಮ ಡಿ5300ರ ಸಣ್ಣ ಸೆನ್ಸರ್ ಆ ಅಂಚನ್ನೇ ಕತ್ತರಿಸಿಹಾಕುತ್ತದೆ, 58 ಮಿ.ಮೀ. ಲೆನ್ಸಿನ ನೋಟ 87 ಮಿ.ಮೀ. ಲೆನ್ಸಿನಷ್ಟು ಕಿರಿದಾಗುತ್ತದೆ. 2013ರಲ್ಲಿ ಬಂದ ಸೋನಿ ಎ7 ಫುಲ್ ಫ್ರೇಮ್ ಕ್ಯಾಮೆರಾ, ಸೆನ್ಸರ್ ಹಳೆಯ ಫಿಲಂ ಚೌಕಟ್ಟಿನಷ್ಟೇ ದೊಡ್ಡದು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದೇ ಈ ಲೆನ್ಸಿನ ಮನೆ. ಸೋನಿ ಇ ಮೌಂಟಿಗೆ 18 ಮಿ.ಮೀ. ದೂರ ಸಾಕು, ಉಳಿದ 27.46 ಮಿ.ಮೀ.ಗೆ ಖಾಲಿ ಕೊಳವೆಯೇ ಅಡಾಪ್ಟರ್. ಗಾಜಿನ ಗೊಡವೆಯಿಲ್ಲ. ನಿಕಾನ್ ಬಿಡಲು ಮನಸ್ಸಿಲ್ಲದಿದ್ದರೆ ಹೆಲಿಯೋಸ್ ಎತ್ತಿಟ್ಟು ನಿಕಾನಿನದೇ ಹಳೆಯ ಎಐ ಮಾದರಿಯ 50 ಮಿ.ಮೀ. ಎಫ್/1.8 ಲೆನ್ಸ್ ಹುಡುಕಿ. ನೇರ ಕೂರುತ್ತದೆ, ದೂರದ ಫೋಕಸ್ ಸರಿಯಾಗಿರುತ್ತದೆ. ಎಂ (ಮ್ಯಾನುಯಲ್) ಮೋಡ್ ಮಾತ್ರ, ಬೆಳಕು ಅಳೆಯುವ ಮೀಟರ್ ಕೆಲಸ ಮಾಡದು, ತೆಗೆದ ಚಿತ್ರದ ಹಿಸ್ಟೋಗ್ರಾಂ (ಬೆಳಕು-ಕತ್ತಲೆಯ ನಕ್ಷೆ) ನೋಡಿ ಎಕ್ಸ್‌ಪೋಷರ್ ತಿದ್ದಿಕೊಳ್ಳಬೇಕು.

ಸೋನಿ ಕೊಂಡರೆ ಮೆನುವಿನಲ್ಲಿ 'ರಿಲೀಸ್ ವಿತೌಟ್ ಲೆನ್ಸ್' ಆನ್ ಮಾಡಿ, ಇಲ್ಲದಿದ್ದರೆ ಶಟರ್ ಬೀಳುವುದೇ ಇಲ್ಲ. 44-2ರಲ್ಲಿ ಅಪರ್ಚರಿಗೆ ಎರಡು ರಿಂಗ್. ಕ್ಲಿಕ್ ಆಗುವುದರಲ್ಲಿ ಬೇಕಾದ ಅಂಕಿ ಇಡಿ, ಇನ್ನೊಂದನ್ನು ಎಫ್/2ಕ್ಕೆ ತೆರೆದು, ಚಿತ್ರ ಹಿಗ್ಗಿಸಿ ಕಣ್ಣಿನ ರೆಪ್ಪೆಗೆ ಫೋಕಸ್ ಮಾಡಿ, ಆಮೇಲೆ ಆ ಎರಡನೇ ರಿಂಗನ್ನು ತಡೆಯುವವರೆಗೂ ತಿರುಗಿಸಿ. ಫೋಕಸ್ ಆದ ಅಂಚಿಗೆ ಪರದೆಯಲ್ಲಿ ಬಣ್ಣ ಬಳಿದು ತೋರಿಸುವ ಫೋಕಸ್ ಪೀಕಿಂಗನ್ನು ಎಫ್/2ರಲ್ಲಿ ನಂಬಬೇಡಿ, ಬಣ್ಣದ ಗೆರೆ ಮೂಗಿನ ಮೇಲೂ ಬರುತ್ತದೆ, ಕಿವಿಯ ಮೇಲೂ ಬರುತ್ತದೆ.

ಅಡಾಪ್ಟರ್ ಬಂದ ಕೂಡಲೇ ಒಳಗೋಡೆ ನೋಡಿ. ಹೊಳೆಯುವ ಕಪ್ಪು ಬಣ್ಣವಿದ್ದರೆ ಎದುರು ಬಿಸಿಲಿನಲ್ಲಿ ಚಿತ್ರ ಸಪ್ಪೆಯಾಗುತ್ತದೆ. ಕಪ್ಪು ವೆಲ್ವೆಟ್ ಕಾಗದ ಅಂಟಿಸಿ. ಲೆನ್ಸ್ ಪೂರ್ತಿ ತಿರುಗಿಸಿದ ಮೇಲೆ ಅಂಕಿಗಳು ಪಕ್ಕಕ್ಕೆ ಬಂದು ನಿಂತರೆ, ಅಡಾಪ್ಟರಿನ ಬದಿಯಲ್ಲಿ ಮೂರು ಪುಟ್ಟ ಸ್ಕ್ರೂ ಇವೆಯೇ ನೋಡಿ. ಇದ್ದರೆ ಸಡಿಲಿಸಿ, ಒಳ ರಿಂಗನ್ನು ತಿರುಗಿಸಿ ಅಂಕಿ ಮೇಲಕ್ಕೆ ತಂದು ಬಿಗಿ ಮಾಡಿ.