ಸಂಪಾದಕರ ಉತ್ತರ: ಶಿಮ್ಲಾದಲ್ಲಿ ಆಡಿದ ಚೀಟಿಯ ನಾಟಕ

ಮಾನ್ಯರೇ,

ಬ್ರಿಟಿಷರ ಬೇಸಿಗೆ ರಾಜಧಾನಿಯಾಗಿದ್ದ ಶಿಮ್ಲಾದ ಗೇಯ್ಟಿ ರಂಗಮಂದಿರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕುಮಟಾದಿಂದ ನೀವು ಬರೆದ ಪತ್ರ ತಲುಪಿತು. ನಿಮ್ಮ ಪ್ರಶ್ನೆಗಳು ಎರಡು. 1887ರಲ್ಲಿ ಅಲ್ಲಿ ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಪಾತ್ರ ಮಾಡಿದ ‘ಎ ಸ್ಕ್ರ್ಯಾಪ್ ಆಫ್ ಪೇಪರ್’ ಎಂಥ ನಾಟಕ, ಇಂಗ್ಲಿಷ್ ಮೇಷ್ಟ್ರುಗಳಿಗೂ ಅದರ ಹೆಸರು ಗೊತ್ತಿಲ್ಲವಲ್ಲ? ಶೇಕ್ಸ್‌ಪಿಯರ್ ಕೈಗೆಟುಕುವಲ್ಲೇ ಇರುವಾಗ ಶಿಮ್ಲಾದ ಇಂಗ್ಲಿಷರಿಗೆ ಅದೇ ಏಕೆ ಬೇಕಾಯಿತು? ಜೊತೆಗೆ ಒಂದು ಆಕ್ಷೇಪ: ಸಾಹೇಬರ ಹೊತ್ತುಕಳೆಯುವ ಆಟಕ್ಕೆ ಆರು ಪುಟ, ನಮ್ಮ ರಂಗಭೂಮಿಗೆ ಒಂದೂ ಇಲ್ಲ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಲೇಖನದಲ್ಲಿ ಅದನ್ನು ಇಂಗ್ಲಿಷ್ ನಾಟಕ ಎಂದು ಬರೆದಿದ್ದೆವು. ಮೂಲ ಫ್ರೆಂಚಿನದು. ವಿಕ್ಟೋರಿಯೆನ್ ಸಾರ್ದು 1860ರಲ್ಲಿ ಬರೆದದ್ದನ್ನು ಪಾಲ್‌ಗ್ರೇವ್ ಸಿಂಪ್ಸನ್ ಇಂಗ್ಲಿಷಿಗೆ ರೂಪಾಂತರಿಸಿದರು. 1861ರಲ್ಲಿ ಅದು ಲಂಡನ್ನಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಪ್ರಯೋಗಗೊಂಡಿತು. ಮೂಲದ ಹೆಸರಿನ ಅಕ್ಷರಶಃ ಅರ್ಥ ‘ನೊಣದ ಕಾಲುಗಳು’. ಕೆಟ್ಟ ಕೈಬರಹಕ್ಕೆ ಫ್ರೆಂಚರು ಹಾಗೆನ್ನುತ್ತಾರೆ. ನಾವು ಕಾಗೆ ಕಾಲು ಗುಬ್ಬಿ ಕಾಲು ಅನ್ನುವುದಿಲ್ಲವೇ, ಅದೇ.

ಕಥೆ ಇಷ್ಟು. ಲೂಯಿಸ್ ಎಂಬ ಹುಡುಗಿ ತನ್ನ ಪ್ರಿಯಕರ ಪ್ರಾಸ್ಪರನಿಗೆ ಗೀಚಿದ ಚೀಟಿಯನ್ನು ಮನೆಯ ಪಿಂಗಾಣಿ ಬೊಂಬೆಯಡಿ ಇಟ್ಟಿರುತ್ತಾಳೆ. ಅದು ಅವನ ಕೈಸೇರುವ ಮೊದಲೇ ಅವಳ ಮದುವೆ ಬೇರೆಯವನೊಂದಿಗೆ ಆಗಿಹೋಗುತ್ತದೆ. ವರ್ಷಗಳು ಕಳೆದು ಪ್ರಾಸ್ಪರ್ ಮರಳಿದಾಗ ಚೀಟಿ ಇಟ್ಟಲ್ಲೇ ಇದೆ! ಗಂಡನ ಕಣ್ಣಿಗೆ ಬಿದ್ದರೆ ಅವಳ ಸಂಸಾರ ಮುಗಿಯಿತು. ಅದನ್ನು ಹೇಗಾದರೂ ಮಾಡಿ ವಾಪಸು ಪಡೆಯಲು ಅವಳ ಬಂಧು ಸುಜಾನ್ ಟೊಂಕಕಟ್ಟಿ ನಿಲ್ಲುತ್ತಾಳೆ. ಮೂರು ಅಂಕ ಪೂರ್ತಿ ಆ ಕಾಗದ ಕೈಯಿಂದ ಕೈಗೆ ಜಾರುತ್ತದೆ; ಜೀರುಂಡೆಯೊಂದನ್ನು ಸುತ್ತಿಡಲೂ ಬಳಕೆಯಾಗುತ್ತದೆ. ಕೀಟ ಹಿಡಿಯುವ ಹುಚ್ಚಿನ ಜಮೀನ್ದಾರ ಬ್ರಿಜ್‌ಮೂಶ್ ಅದರ ಹಾಸ್ಯಪಾತ್ರ. ಲಾಹೋರಿನ ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದ 21ರ ಕಿಪ್ಲಿಂಗ್ ಬಣ್ಣ ಹಚ್ಚಿದ್ದು ಈ ಪಾತ್ರಕ್ಕೆ.

ಇದೇ ಏಕೆ ಬೇಕಾಯಿತೆಂದರೆ, ಅನುಕೂಲ ಒಂದು ಕಾರಣ. ಶಿಮ್ಲಾಕ್ಕೆ ರೈಲು ಬಂದದ್ದು 1903ರಲ್ಲಿ. ಅಲ್ಲಿಯವರೆಗೆ ಬೆಟ್ಟ ಹತ್ತಲು ಟಾಂಗಾವೇ ಗತಿ. ಈ ನಾಟಕಕ್ಕೆ ಯುದ್ಧಭೂಮಿ ಬೇಡ, ಅರಮನೆ ಬೇಡ; ಮನೆಯ ಕೋಣೆಗಳು, ಒಂದಷ್ಟು ಕುರ್ಚಿ ಮೇಜು ಸಾಕು. ಲಂಡನ್ನಿನ ಲೇಸಿ, ಅವರ ನಂತರ ಸ್ಯಾಮ್ಯುಯೆಲ್ ಫ್ರೆಂಚ್ ಮಾರುತ್ತಿದ್ದ ಅಗ್ಗದ ನಾಟಕಪುಸ್ತಿಕೆಗಳಲ್ಲಿ ಯಾರು ಯಾವ ಬಾಗಿಲಿಂದ ಬರಬೇಕು, ಏನು ಉಡಬೇಕು ಎಂಬುದೂ ಅಚ್ಚಾಗಿರುತ್ತಿತ್ತು. ಹಗಲಿಡೀ ಕಚೇರಿಯಲ್ಲಿ ಕಡತ ನೋಡಿ ಸಂಜೆ ತಾಲೀಮಿಗೆ ಬರುವವರಿಗೆ ಅದೇ ಗುರು. ಹೆಣ್ಣುಪಾತ್ರದ ತೊಡಕೂ ಅಷ್ಟರಲ್ಲಿ ಬಗೆಹರಿದಿತ್ತು. ಅರ್ಧ ಶತಮಾನದ ಹಿಂದೆ ಅದೇ ಶಿಮ್ಲಾದಲ್ಲಿ ಹೆಣ್ಣುಪಾತ್ರ ಚೆನ್ನಾಗಿ ಮಾಡುತ್ತಿದ್ದ ಒಬ್ಬ ಸಾಹೇಬ ಮೀಸೆ ಬೋಳಿಸಲು ಒಪ್ಪಲಿಲ್ಲ, ಇನ್ನೊಬ್ಬ ಕರಡಿ ಬೇಟೆಗೆ ಹೊರಟುಹೋದ, ನಾಟಕ ನಿಂತಿತು ಎಂದು ಗವರ್ನರ್ ಜನರಲ್ ಆಕ್ಲೆಂಡರ ತಂಗಿ ಎಮಿಲಿ ಈಡನ್ ಬರೆದಿದ್ದಾರೆ. 1880ರ ದಶಕದ ಹೊತ್ತಿಗೆ ಹೆಂಗಸರೇ ರಂಗಕ್ಕೆ ಬರುತ್ತಿದ್ದರು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಬೇಸಿಗೆಯಲ್ಲಿ ಹೆಂಡಂದಿರು ಬೆಟ್ಟದಲ್ಲಿ, ಎಷ್ಟೋ ಗಂಡಂದಿರು ಬಯಲಿನ ಸೆಕೆಯಲ್ಲಿ. ಊಟದ ಕರೆ, ಕ್ಷಮಾಪಣೆ, ಗುಟ್ಟು, ಎಲ್ಲವೂ ಚಪರಾಸಿಯ ಕೈಯಲ್ಲಿ ಓಡಾಡುವ ‘ಚಿಟ್’ಗಳಲ್ಲಿ. ಹಿಂದಿಯ ಚಿಟ್ಠಿಯಿಂದ ಇಂಗ್ಲಿಷಿಗೆ ಹೋದ ಪದ ಅದು, ನಮ್ಮ ಚೀಟಿಯ ನೆಂಟ. ತಪ್ಪಿದ ಒಂದು ಚೀಟಿಯಿಂದ ಯಾರ ಮಾನ ಹೇಗೆ ಹೋದೀತೆಂದು ಆ ಸಭಾಂಗಣದಲ್ಲಿ ಕೂತವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಅವರು ಹ್ಯಾಮ್ಲೆಟ್ಟನನ್ನು ಗೌರವದಿಂದ ನೋಡುತ್ತಿದ್ದರು. ಇದನ್ನು ಎದೆ ಹಿಡಿದುಕೊಂಡು ನೋಡಿರಬೇಕು. ಇಂಥ ಮರೆತ ನಾಟಕಗಳನ್ನು ನಾನು ಹುಡುಕಿ ಓದುವುದು ಈ ಕಾರಣಕ್ಕೇ. ಮೇರುಕೃತಿ ಎಲ್ಲ ಕಾಲಕ್ಕೂ ಸಲ್ಲುತ್ತದೆ, ಆದ್ದರಿಂದಲೇ ಒಂದು ಊರಿನ ಒಂದು ಬೇಸಿಗೆಯ ಅಳುಕು ಅದರಲ್ಲಿ ಸಿಗುವುದಿಲ್ಲ.

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಬಸವಪ್ಪ ಶಾಸ್ತ್ರಿಗಳು ಶೇಕ್ಸ್‌ಪಿಯರನ ಒಥೆಲೊನನ್ನು ‘ಶೂರಸೇನ ಚರಿತ್ರೆ’ಯಾಗಿಸಿ ಪಾತ್ರಗಳಿಗೆ ನಮ್ಮ ಹೆಸರನ್ನೇ ಇಟ್ಟರು. ಸಿಂಪ್ಸನ್ ಮಾತನ್ನು ಇಂಗ್ಲಿಷಿಗೆ ತಂದರೂ ಫ್ರೆಂಚ್ ಹೆಸರುಗಳನ್ನು ಬಿಡಲಿಲ್ಲ. ಆ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದಿತ್ತು, ನೋಡಲಿಲ್ಲ. ನಿಮ್ಮ ಸೀಮೆಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬಂದದ್ದೂ ಅದೇ 1887ರಲ್ಲಿ. ಶಿಮ್ಲಾದವರು ಪರರ ಚೀಟಿಯಲ್ಲಿ ತಮ್ಮ ಮುಖ ನೋಡಿಕೊಂಡ ವರ್ಷವೇ ಶಾಸ್ತ್ರಿಗಳು ಕನ್ಯಾವಿಕ್ರಯದ ಹೇಸಿಗೆಯನ್ನು ಮನೆಮಾತಾದ ಹವ್ಯಕ ಕನ್ನಡದಲ್ಲೇ ಬಯಲಿಗಿಟ್ಟರು. ಅದಕ್ಕೆ ಆರು ಪುಟ ಖಂಡಿತ ಮೀಸಲು. ನಿಮ್ಮ ಕಡೆಯ ಯಾರದಾದರೂ ಮನೆಯ ಅಟ್ಟದಲ್ಲಿ ಹಳೆಯ ಪ್ರತಿಯಿದ್ದರೆ, ಅಥವಾ ಆ ಪ್ರಹಸನ ಆಡಿದ್ದನ್ನು ಕಂಡವರಿಂದ ಕೇಳಿದ ಹಿರಿಯರಿದ್ದರೆ, ದಯವಿಟ್ಟು ಒಂದು ಚೀಟಿ ಬರೆದು ಹಾಕಿ.

ಸಂಪಾದಕ