ನಾಟಿ ಹೇಂಟೆಯ ಕಾವಿನಲ್ಲಿ ಟರ್ಕಿ ಮರಿ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಮ್ಮ ತೆಂಗಿನ ತೋಟದಲ್ಲಿ 40 ನಾಟಿ ಕೋಳಿ, ಎಂಟು ಬಾತುಕೋಳಿ, ಒಂದು ಜೊತೆ ಟರ್ಕಿ ಇವೆ. ಟರ್ಕಿ ಕಾವಿಗೆ ಕೂರಲಿಲ್ಲವೆಂದು ಅದರ ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗಿಟ್ಟೆ. ಎಂಟು ಮರಿಗಳಾದವು. ಒಂದೂವರೆ ತಿಂಗಳು ಹೇಂಟೆಯ ಹಿಂದೆ ತೋಟವೆಲ್ಲ ಕೆದಕಿಕೊಂಡು ಚೆನ್ನಾಗಿದ್ದವು. ಆಮೇಲೆ ರೆಕ್ಕೆ ಇಳಿಬಿಟ್ಟು, ಅರಿಶಿನ ಕಲಸಿದಂಥ ಹಿಕ್ಕೆ ಹಾಕಿ, ಹತ್ತು ದಿನಗಳಲ್ಲಿ ಆರು ಸತ್ತವು. ಸಾಕಿದ ಹೇಂಟೆಗೆ ಏನೂ ಆಗಿಲ್ಲ. ನಮ್ಮತ್ತೆ ದೃಷ್ಟಿ ತಾಗಿದೆ ಎನ್ನುತ್ತಾರೆ. ಔಷಧಿ ಅಂಗಡಿಯವರು ಕೊಕ್ಕರೆ ರೋಗ ಎಂದರು. ಎಲ್ಲವನ್ನೂ ಒಟ್ಟಿಗೆ ಸಾಕಿದ್ದೇ ತಪ್ಪಾಯಿತೇ?
— ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ‘ಹೇಂಟೆಗೆ ಏನೂ ಆಗಿಲ್ಲ’ ಎಂಬ ಮಾತನ್ನು ಎರಡು ಸಲ ಓದಿದೆ. ಲಸಿಕೆ ಹಾಕದ ಹಿಂಡಿಗೆ ಕೊಕ್ಕರೆ ರೋಗದ (ರಾಣಿಖೇತ್) ವೈರಾಣು ಹೊಕ್ಕಿದ್ದರೆ ಕೋಳಿಗಳೂ ಸಾಲುಸಾಲಾಗಿ ಬೀಳುತ್ತಿದ್ದವು. ನನ್ನ ಬಲವಾದ ಅನುಮಾನ ಬ್ಲ್ಯಾಕ್‌ಹೆಡ್ ರೋಗದ ಮೇಲೆ. ಹೆಸರನ್ನು ನಂಬಿ ತಲೆ ಕಪ್ಪಾಗುವುದನ್ನು ಕಾಯಬೇಡಿ. ಬಹಳಷ್ಟು ಮರಿಗಳಲ್ಲಿ ಅದು ಕಪ್ಪಾಗುವುದೇ ಇಲ್ಲ. ಗಂಧಕದ ಬಣ್ಣದ ಹಿಕ್ಕೆಯೇ ದೊಡ್ಡ ಸುಳಿವು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥವೇ ಮರಿಗಳನ್ನು ನೋಡಿ ರಕ್ತಭೇದಿ ಎಂದುಕೊಂಡು ಔಷಧಿ ಕೊಟ್ಟಿದ್ದೆ. ಮರುದಿನ ಸತ್ತ ಮರಿಯನ್ನು ಕುಯ್ದಾಗ ಈಲಿಯ (ಲಿವರ್) ಮೇಲೆ ನಾಣ್ಯ ಒತ್ತಿದಂತೆ ನಡುವೆ ತಗ್ಗಾದ ದುಂಡು ಮಚ್ಚೆಗಳು, ಕುರುಡುಗರುಳಿನೊಳಗೆ, ಅಂದರೆ ಕರುಳಿಗೆ ಅಂಟಿದ, ಒಂದು ತುದಿ ಮುಚ್ಚಿದ ಚೀಲದೊಳಗೆ, ಗಿಣ್ಣಿನಂಥ ಗಟ್ಟಿ ಗಡ್ಡೆ. ಆ ಮನೆಯಾಕೆಯ ಮುಖ ಈಗಲೂ ನೆನಪಿದೆ. ಅಂದಿನಿಂದ ಟರ್ಕಿ ಮರಿ ಸತ್ತಿತೆಂದರೆ ನಾನು ಮೊದಲು ಕೇಳುವುದು, ಅದನ್ನು ಸಾಕಿದ ತಾಯಿ ಯಾರು ಎಂದು.

ರೋಗ ತರುವ ಸೂಕ್ಷ್ಮ ಜೀವಿ ಹೊರಗೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಆದರೆ ಕೋಳಿಯ ಕುರುಡುಗರುಳಿನಲ್ಲಿರುವ ಜಂತುಹುಳುವಿನ ಮೊಟ್ಟೆಯೊಳಗೆ ಸೇರಿಕೊಂಡರೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಆ ಮೊಟ್ಟೆಗಳನ್ನು ಎರೆಹುಳು ನುಂಗುತ್ತದೆ, ಎರೆಹುಳುವನ್ನು ಮರಿ ತಿನ್ನುತ್ತದೆ. ನಾಟಿ ಕೋಳಿ ಇದನ್ನೆಲ್ಲ ಹೆಚ್ಚಾಗಿ ತಾಳಿಕೊಳ್ಳುತ್ತದೆ, ಟರ್ಕಿ ಮರಿ ತಾಳುವುದಿಲ್ಲ. ನಿಮ್ಮ ಹೇಂಟೆ ಅಕ್ಕರೆಯಿಂದ ಕೆದಕಿ ತೋರಿಸಿದ ಎರೆಹುಳುವೇ ಮುಳುವಾಗಿರಬಹುದು. ಮರಿಗಳು ಗುಂಪಾಗಿದ್ದರೆ ರೋಗ ಒಂದರಿಂದ ಒಂದಕ್ಕೆ ನೇರವಾಗಿಯೂ ದಾಟುತ್ತದೆ. ಹಿಡಿದ ಮೇಲೆ ನೆಚ್ಚಬಹುದಾದ ಔಷಧಿ ಇಲ್ಲ.

ಆದ್ದರಿಂದ ನಾಟಿ ಹೇಂಟೆಯ ಕಾವಿಗೆ ಟರ್ಕಿ ಮೊಟ್ಟೆ ಇಡುವುದನ್ನು ಬಿಡಿ. 28 ದಿನ ಚಿಕ್ಕ ಯಂತ್ರದಲ್ಲಿಟ್ಟು ಮರಿ ಮಾಡಿಸಿ, ಬಲ್ಬಿನ ಶಾಖದಲ್ಲಿ ಬೆಳೆಸಿ. ಕನಿಷ್ಠ ಮೂರು ತಿಂಗಳು ನೆಲಕ್ಕೆ ಬಿಡಬೇಡಿ. ಅಡಿಕೆ ದಬ್ಬೆಯದೋ ತಂತಿ ಬಲೆಯದೋ ಎತ್ತರದ ಅಟ್ಟಣೆಯಲ್ಲಿರಲಿ. ಆಮೇಲೂ ಕೋಳಿಗಳು ಓಡಾಡಿದ ಜಾಗಕ್ಕೆ ಬಿಡಬೇಡಿ. ಸುಣ್ಣ ಚೆಲ್ಲಿದ್ದೇನೆಂದು ಧೈರ್ಯ ಮಾಡಬೇಡಿ, ಜಂತುಹುಳುವಿನ ಮೊಟ್ಟೆಗಳು ಅಷ್ಟಕ್ಕೆ ಸಾಯುವುದಿಲ್ಲ. ಕೋಳಿಗಳಿಗೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಜಂತುಹುಳು ಔಷಧಿ ಕೊಡಿ. ಬೆಳಿಗ್ಗೆ ಕೆಲಸ ಶುರುವಾಗಬೇಕಾದದ್ದು ಟರ್ಕಿ ಮರಿಗಳಿಂದ, ಮುಗಿಯಬೇಕಾದದ್ದು ಬಾತುಕೋಳಿಗಳಲ್ಲಿ. ಟರ್ಕಿ ಗೂಡಿಗೆಂದೇ ಒಂದು ಜೊತೆ ಚಪ್ಪಲಿ, ಒಂದು ಪೊರಕೆ ಬೇರೆ ಇಡಿ.

ನೀವು ಬರೆದಿಲ್ಲ, ಆದರೂ ಹೇಳುತ್ತೇನೆ: ಕೋಳಿಗೆ ತಂದ ಬ್ರಾಯ್ಲರ್ ಆಹಾರವನ್ನೇ ಟರ್ಕಿಗೂ ಹಾಕಬೇಡಿ. ರಕ್ತಭೇದಿ ತಡೆಯಲು ಅದರಲ್ಲಿ ಸ್ಯಾಲಿನೊಮೈಸಿನ್ ಬೆರೆಸಿರಬಹುದು. ಟರ್ಕಿಗೆ ಅದು ವಿಷ, ಕಾಲುಗಳ ಬಲವೇ ಹೋಗುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನಂತೂ ಬಾತು, ಟರ್ಕಿ ಎರಡರಿಂದಲೂ ದೂರವಿಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಗಳು ಸತ್ತದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದೂ ಆ ಸಾವುಗಳ ಬೆನ್ನುಹತ್ತಿದಾಗ.

ಬಾತುಕೋಳಿಗಳ ವಿಷಯ ಬೇರೆ. ಅವು ಆರೋಗ್ಯವಾಗಿ ಕಾಣುತ್ತಲೇ ಕೊಕ್ಕರೆ ರೋಗದ, ಹಕ್ಕಿಜ್ವರದ ವೈರಾಣುಗಳನ್ನು ಹೊತ್ತಿರಬಲ್ಲವು. ಕೆರೆಗೆ ಹೋಗಿ ಬರುವ ಬಾತು ಕೋಳಿಯ ನೀರಿನ ಬಾನಿಗೆ ಕೊಕ್ಕು ಹಾಕಬಾರದು. ಅವು ಚೆಲ್ಲಿದ ನೀರಿನಿಂದ ಗೂಡಿನ ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾದರೆ ಕೋಳಿ ಮರಿಗಳಿಗೆ ರಕ್ತಭೇದಿ ಬರಬಹುದು. ಕೊಕ್ಕರೆ ರೋಗದ ಲಸಿಕೆ ಕೋಳಿಗೂ ಬೇಕು, ಟರ್ಕಿಗೂ ಬೇಕು: ಐದರಿಂದ ಏಳನೇ ದಿನ ಲಸೋಟ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು.

ಒಟ್ಟಿಗೆ ಸಾಕಿದ್ದು ತಪ್ಪೇ ಎಂದು ಕೇಳಿದ್ದೀರಿ. ಒಂದೇ ತೋಟದಲ್ಲಿ ಸಾಕಬಹುದು; ಒಂದೇ ಮಣ್ಣು, ಒಂದೇ ನೀರು ಬೇಡ. ಆದರೂ ಒಂದು ಅಪಾಯ ಉಳಿಯುತ್ತದೆ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿಗಳಿಗೆ ಹಕ್ಕಿಜ್ವರ ದೃಢಪಟ್ಟಾಗ ಅಲ್ಲಿದ್ದ ಬೇರೆ ಜಾತಿಯ ಹಕ್ಕಿಗಳನ್ನೂ ಕೊಲ್ಲಬೇಕಾಯಿತು. ಎರಡು ಮೂರು ಜಾತಿಯ ಹಕ್ಕಿಗಳು ಒಮ್ಮೆಲೇ ಸಾಯತೊಡಗಿದರೆ ಮುಟ್ಟದೆ, ಕುಯ್ಯದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಉಳಿದ ಎರಡು ಮರಿಗಳನ್ನು ಇಂದೇ ಹೇಂಟೆಯಿಂದ ಬೇರ್ಪಡಿಸಿ ಅಟ್ಟಣೆಗೆ ಹಾಕಿ. ಅವುಗಳಲ್ಲೊಂದು ಸತ್ತರೆ ಹೂಳಬೇಡಿ. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮಂಜುಗಡ್ಡೆಯ ಮೇಲಿಟ್ಟು, ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ಈಲಿಯನ್ನು ನೋಡಲು ಹೇಳಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ.