ಜಕಾತಿ ನಾಕಾಕ್ಕೂ ರಂಜಾನಿನ ಜಕಾತಿಗೂ ಏನು ನಂಟು?

ಪ್ರಶ್ನೆ: ನಮ್ಮದು ಹುಬ್ಬಳ್ಳಿ ಕಡೆ. ಊರೊಳಗೆ ಸರಕು ತರುವಾಗ ಸುಂಕ ಕಟ್ಟುವ ಜಾಗಕ್ಕೆ ನಮ್ಮ ಅಜ್ಜ ‘ಜಕಾತಿ ನಾಕಾ’ ಅನ್ನುತ್ತಿದ್ದರು. ನನ್ನ ಗೆಳೆಯ ರಂಜಾನಿನಲ್ಲಿ ಬಡವರಿಗೆ ಕೊಡುವ ದುಡ್ಡಿಗೂ ಜಕಾತ್ ಅನ್ನುತ್ತಾನೆ. ದಾನಕ್ಕೂ ಸುಂಕಕ್ಕೂ ಒಂದೇ ಹೆಸರು ಹೇಗೆ?

ಉತ್ತರ: ಎರಡೂ ಒಂದೇ ಪದ, ಅರಬ್ಬಿಯಿಂದ ಬಂದಿದ್ದು. ದಾನ ಹೇಗೆ ಸುಂಕವಾಯಿತು ಅನ್ನೋದು ಸ್ವಲ್ಪ ಉದ್ದದ ಕಥೆ.

ಮೊದಲು ದಾನದ ಲೆಕ್ಕ. ಒಬ್ಬರ ಹತ್ತಿರ 20 ದಿನಾರ್ ಚಿನ್ನ ಅಥವಾ 200 ದಿರ್ಹಮ್ ಬೆಳ್ಳಿ ಇದೆ ಅಂದುಕೊಳ್ಳಿ. ಅದು ಚಾಂದ್ರಮಾನದ ಒಂದು ವರ್ಷ ಪೂರ್ತಿ ಕೈಯಲ್ಲಿ ಉಳಿದರೆ ಅದರಲ್ಲಿ ಶೇ. 2.5 ಜಕಾತ್ ಕೊಡಬೇಕು. ಒಂದು ದಿನಾರ್ 4.25 ಗ್ರಾಂ ತೂಗುತ್ತಿತ್ತು. ಇವತ್ತಿಗೂ 85 ಗ್ರಾಂ ಚಿನ್ನದ ಮಿತಿ ಅಂತ ಹೇಳುವುದು ಈ ಲೆಕ್ಕದಿಂದಲೇ. ಬೆಳೆಗೆ ಬೇರೆ ದರ: ಮಳೆ ನೀರಲ್ಲಿ ಬೆಳೆದರೆ ಶೇ. 10, ಬಾವಿಯಿಂದ ನೀರೆತ್ತಿ ಬೆಳೆದರೆ ಶೇ. 5. ಕಪಿಲೆ ಹೊಡೆದವನ ಬೆವರಿಗೂ ಅಲ್ಲಿ ಬೆಲೆ ಇತ್ತು.

ಹಾಗಂತ ಇದು ಮನಸ್ಸು ಬಂದರೆ ಕೊಡುವ, ಬೇಡವೆಂದರೆ ಬಿಡುವ ದಾನ ಅಲ್ಲ. ಜಕಾತ್ ಯಾರಿಗೆ ಸಲ್ಲಬೇಕು ಅಂತ ಕುರಾನ್ ಎಂಟು ಬಗೆಯವರನ್ನು ಹೆಸರಿಸುತ್ತದೆ. ಬಡವರು, ಸಾಲಗಾರರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರ ಜೊತೆಗೆ ವಸೂಲಿ ಮಾಡುವವರೂ ಆ ಪಟ್ಟಿಯಲ್ಲಿದ್ದಾರೆ. ಅಂದರೆ ವಸೂಲಿಗೆ ಜನ, ಅವರಿಗೆ ಸಂಬಳ, ಎಲ್ಲ ಮೊದಲಿಂದಲೇ ಇತ್ತು. ಪ್ರವಾದಿಯವರು 632ರಲ್ಲಿ ತೀರಿಕೊಂಡ ಮೇಲೆ ಕೆಲವು ಬುಡಕಟ್ಟಿನವರು ಜಕಾತ್ ಕಳಿಸುವುದಿಲ್ಲ ಅಂದಾಗ ಮೊದಲ ಖಲೀಫ ಅಬೂಬಕರ್ ಯುದ್ಧವನ್ನೇ ಹೂಡಿದರು.

ಎರಡನೆಯ ಖಲೀಫ ಉಮರ್ ಕಾಲದಲ್ಲಿ ವ್ಯಾಪಾರದ ದಾರಿಗಳಲ್ಲಿ ಸುಂಕದ ಕಟ್ಟೆಗಳು ಬಂದವು ಅನ್ನುತ್ತವೆ ಹಳೆಯ ಕಂದಾಯ ಗ್ರಂಥಗಳು. ಹೊರನಾಡಿನ ವರ್ತಕನಿಗೆ ಶೇ. 10. ಅವನ ನಾಡಿನಲ್ಲಿ ಮುಸ್ಲಿಂ ವರ್ತಕರಿಂದ ಅಷ್ಟೇ ಕಿತ್ತುಕೊಳ್ಳುತ್ತಾರಲ್ಲ, ಅದಕ್ಕೆ ಸಮ. ರಾಜ್ಯದೊಳಗಿನ ಮುಸ್ಲಿಮೇತರ ವರ್ತಕನಿಗೆ ಶೇ. 5. ಮುಸ್ಲಿಂ ವರ್ತಕನಿಗೆ ಶೇ. 2.5, ಮತ್ತು ಅದು ಅವನ ಸರಕಿನ ಜಕಾತ್ ಅಂತಲೇ ಲೆಕ್ಕ. ಗಂಟು ಬಿದ್ದಿದ್ದು ಇಲ್ಲಿ. ಮನೆಯಲ್ಲಿ ಕೂತು ಲೆಕ್ಕ ಹಾಕಿ ಕೊಡಬೇಕಾದ್ದನ್ನು ಈಗ ದಾರಿಯಲ್ಲಿ ಒಬ್ಬ ನೌಕರ ಕೈಚಾಚಿ ಕೇಳುತ್ತಿದ್ದಾನೆ.

ಆ ನೌಕರ ಹೇಗಿದ್ದ ಅಂತ ನೋಡಬೇಕಾದರೆ 1183ರ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿಗೆ ಹೋಗಬೇಕು. ಸ್ಪೇನಿನ ಗ್ರನಾಡಾದಿಂದ ಹಜ್ ಯಾತ್ರೆಗೆ ಹೊರಟ ಇಬ್ನ್ ಜುಬೈರ್ ಅಲ್ಲಿ ಹಡಗಿನಿಂದ ಇಳಿದರು. ಸುಂಕದವರು ಹಡಗು ಹತ್ತಿ ಒಬ್ಬೊಬ್ಬರ ಹೆಸರು, ಊರು ಬರೆದುಕೊಂಡರು. ಹೆಚ್ಚಿನವರ ಹತ್ತಿರ ಇದ್ದದ್ದು ದಾರಿ ಖರ್ಚಿಗೆ ಬೇಕಾದ ಬುತ್ತಿ, ಬಿಡಿಗಾಸು ಅಷ್ಟೇ. ಅದರ ಮೇಲೂ ಜಕಾತ್ ಹಾಕಿದರು. ‘ಇದು ನಿಮ್ಮ ಕೈಗೆ ಬಂದು ವರ್ಷ ತುಂಬಿದೆಯಾ?’ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಕಟ್ಟೆಯಲ್ಲಿ ನೂಕುನುಗ್ಗಲು. ಗಂಟುಮೂಟೆಯನ್ನೆಲ್ಲ ಬಿಚ್ಚಿಸಿ, ಸೊಂಟಪಟ್ಟಿಗೆ ಕೈಹಾಕಿ ತಡಕಿ, ಬೇರೇನೂ ಬಚ್ಚಿಟ್ಟಿಲ್ಲ ಅಂತ ಆಣೆ ಮಾಡಿಸಿದರು. ಇಬ್ನ್ ಜುಬೈರ್ ಕೋಪಗೊಂಡು ಇದನ್ನೆಲ್ಲ ಬರೆದಿಟ್ಟಿದ್ದಾರೆ. ಆದರೂ ಸುಲ್ತಾನ್ ಸಲಾಹುದ್ದೀನನನ್ನು ಬಯ್ಯುವುದಿಲ್ಲ. ಅವನಿಗೆ ಗೊತ್ತಾದರೆ ಖಂಡಿತ ನಿಲ್ಲಿಸುತ್ತಾನೆ ಅನ್ನುತ್ತಾರೆ. ದೊರೆ ಒಳ್ಳೆಯವನು, ಕೆಳಗಿನವರೇ ಸರಿಯಿಲ್ಲ ಅನ್ನುವ ಮಾತು ಎಲ್ಲ ಕಾಲದಲ್ಲೂ ಇತ್ತು ನೋಡಿ.

ಧರ್ಮಶಾಸ್ತ್ರ ಒಪ್ಪದ ಸುಂಕಗಳಿಗೆ ‘ಮಕ್ಸ್’ ಅನ್ನುತ್ತಿದ್ದರು. ಹೊಸ ದೊರೆ ಪಟ್ಟಕ್ಕೆ ಬಂದಾಗ ಅವುಗಳನ್ನು ರದ್ದು ಮಾಡುವುದು, ಖಜಾನೆ ಬರಿದಾದಾಗ ಅವು ಬೇರೆ ಹೆಸರಲ್ಲಿ ವಾಪಸ್ ಬರುವುದು, ಇದು ನಡೆದೇ ಇತ್ತು. ಜಹಾಂಗೀರ್ 1605ರಲ್ಲಿ ಪಟ್ಟಕ್ಕೆ ಬಂದಾಗ ಹೊರಡಿಸಿದ ಮೊದಲ ಆಜ್ಞೆಗಳಲ್ಲೂ ಇಂಥ ದಾರಿ ಸುಂಕಗಳ ರದ್ದತಿ ಇದೆ. ದಖ್ಖನಿನ ಸುಲ್ತಾನರ ದಫ್ತರದಲ್ಲಿ ಪಾರಸಿಯ ಬಳಕೆ ಇತ್ತು. ಆ ದಫ್ತರದಿಂದ ಜಮಾ, ಬಾಕಿ, ವಸೂಲಿ, ತಹಶೀಲ್ದಾರ ಎಲ್ಲ ಕನ್ನಡಕ್ಕೆ ಬಂದವು. ಜಕಾತಿಯೂ ಬಂತು, ಆದರೆ ಕಟ್ಟೆಯ ಅರ್ಥವನ್ನು ಮಾತ್ರ ಹೊತ್ತುಕೊಂಡು ಬಂತು. ಮರಾಠಿಯಲ್ಲೂ ಹಾಗೇ.

ಪ್ರಶ್ನೆ: ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ ಅನ್ನುತ್ತಾರೆ. ಬಡ್ಡಿ ಇಲ್ಲದೆ ಅಷ್ಟು ದೊಡ್ಡ ಸಮುದ್ರ ವ್ಯಾಪಾರಕ್ಕೆ ಬಂಡವಾಳ ಎಲ್ಲಿಂದ ಬರುತ್ತಿತ್ತು?

ಉತ್ತರ: ಪಾಲುದಾರಿಕೆಯಿಂದ. ಒಬ್ಬನ ದುಡ್ಡು, ಇನ್ನೊಬ್ಬನ ಓಡಾಟ. ಇದಕ್ಕೆ ಕಿರಾದ್ ಅಥವಾ ಮುದಾರಬ ಅಂತ ಹೆಸರು. ಲಾಭವನ್ನು ಮೊದಲೇ ಮಾತಾಡಿಕೊಂಡಂತೆ ಹಂಚಿಕೊಳ್ಳಬೇಕು. ಹಡಗು ಮುಳುಗಿದರೆ ದುಡ್ಡು ಹಾಕಿದವನಿಗೆ ದುಡ್ಡು ಹೋಯಿತು, ಓಡಾಡಿದವನಿಗೆ ದುಡಿಮೆ ಹೋಯಿತು. ಓಡಾಡಿದವನ ಮನೆ ಬಾಗಿಲಿಗೆ ಸಾಲ ವಸೂಲಿಗೆ ಯಾರೂ ಬರುವಂತಿಲ್ಲ. ಇದು ಎಷ್ಟು ಅನುಕೂಲವಾಗಿತ್ತು ಅಂದರೆ ಕೈರೋದ ಯೆಹೂದಿ ವರ್ತಕರೂ ತಮ್ಮದೇ ಪದ್ಧತಿ ಇದ್ದರೂ ‘ಅನ್ಯರ ಕಿರಾದ್’ ಅಂತ ಕರೆದು ಇದನ್ನೇ ಬಳಸಿದರು.

ನಮಗೆ ಇದು ಗೊತ್ತಾಗಿದ್ದು ಹಳೇ ಕೈರೋದ ಬೆನ್ ಎಜ್ರಾ ಯೆಹೂದಿ ಮಂದಿರದ ಕೋಣೆಯೊಂದರಲ್ಲಿ ಸಿಕ್ಕ ಕಾಗದದ ರಾಶಿಯಿಂದ. ಅದರಲ್ಲಿ ನಮ್ಮ ಮಂಗಳೂರೂ ಇದೆ, ‘ಮಂಜರೂರ್’ ಅನ್ನುವ ಹೆಸರಲ್ಲಿ. ಟುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು 1132ರ ಸುಮಾರಿಗೆ ಯೆಮೆನ್‌ನ ಏಡನ್ ಬಂದರಿನಿಂದ ಈ ಕರಾವಳಿಗೆ ಬಂದು, 1149ರವರೆಗೆ ಇಲ್ಲೇ ಇದ್ದ. ಅವನಿಗೊಂದು ಕಂಚಿನ ಕಾರ್ಖಾನೆ ಇತ್ತು. ಏಡನ್‌ನ ವರ್ತಕರು ತಾಮ್ರವನ್ನೂ ಒಡೆದ ಪಾತ್ರೆಗಳನ್ನೂ ಕಳಿಸಿ ಇಂಥಿಂಥ ಪಾತ್ರೆ ಮಾಡಿಸಿಕೊಡು ಅಂತ ಬರೆಯುತ್ತಿದ್ದರು. ಇಲ್ಲಿಂದ ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಮತ್ತು ಅವನಿಗೆ ಇಲ್ಲಿ ಸಿಗದ ಬರೆಯುವ ಕಾಗದ ಉಡುಗೊರೆಯಾಗಿ ಬರುತ್ತಿತ್ತು. ಏಲಕ್ಕಿಗೆ ಮುಂಗಡ ತೆಗೆದುಕೊಂಡು ಮಾಲು ಕೊಡದ ಇಲ್ಲಿಯ ಒಬ್ಬನ ಮೇಲೆ ಪತ್ರದಿಂದ ಪತ್ರಕ್ಕೆ ದೂರು. ಇನ್ನೊಂದು ಮಾತು: ಆ ಪತ್ರಗಳಲ್ಲಿ ಬರುವ ಒಬ್ಬ ಹಡಗಿನ ಒಡೆಯನ ಹೆಸರನ್ನು ವಿದ್ವಾಂಸರು ‘ಪಟ್ಟಣಸ್ವಾಮಿ’ ಅಂತ ಓದಿದ್ದಾರೆ. ನಮ್ಮ ಶಾಸನಗಳಲ್ಲಿ ಪೇಟೆಯ ವರ್ತಕರ ಮುಖ್ಯಸ್ಥನಿಗೆ ಇದೇ ಹೆಸರು. ಧರ್ಮ, ಭಾಷೆ, ಅರಸು ಎಲ್ಲ ಬೇರೆಬೇರೆ. ಲೆಕ್ಕದ ಪುಸ್ತಕ ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು.

ದುಡ್ಡು ಹೊತ್ತು ತಿರುಗುವ ಭಯಕ್ಕೆ ‘ಸುಫ್ತಜ’ ಇತ್ತು, ಒಂದೂರಲ್ಲಿ ದುಡ್ಡು ಕಟ್ಟಿ ಇನ್ನೊಂದೂರಲ್ಲಿ ಪಡೆಯುವ ಚೀಟಿ, ನಮ್ಮ ವರ್ತಕರ ಹುಂಡಿಯ ಹಾಗೆ. ಹತ್ತನೇ ಶತಮಾನದ ಪ್ರವಾಸಿ ಇಬ್ನ್ ಹೌಕಲ್ ಸಹಾರಾ ಮರುಭೂಮಿಯ ಅಂಚಿನಲ್ಲಿ 42,000 ದಿನಾರ್‌ಗಳ ಸಾಲಪತ್ರ ಕಂಡು ಬೆರಗಾಗಿದ್ದ.

ಪ್ರಶ್ನೆ: ಹಿಂದಿನ ಕಾಲದಲ್ಲಿ ವಕ್ಫ್ ನಿಜವಾಗಿ ಏನು ಕೆಲಸ ಮಾಡುತ್ತಿತ್ತು? ಶ್ರೀಮಂತರು ಆಸ್ತಿ ಉಳಿಸಿಕೊಳ್ಳುವ ಉಪಾಯ ಅಷ್ಟೇ ಅಲ್ವಾ?

ಉತ್ತರ: ಅದೂ ಹೌದು, ಅಷ್ಟೇ ಅಲ್ಲ. ಆಸ್ತಿಯ ಮಾಲೀಕತ್ವ ಬಿಟ್ಟುಕೊಟ್ಟು, ಅದರ ಆದಾಯ ಇಂಥ ಕೆಲಸಕ್ಕೆ ಅಂತ ಖಾಜಿಯ, ಅಂದರೆ ನ್ಯಾಯಾಧೀಶನ, ಮುಂದೆ ಬರೆಸಿದರೆ ಅದು ವಕ್ಫ್. ಸುಲ್ತಾನನಿಗೆ ಕೋಪ ಬಂದರೆ ಅಧಿಕಾರಿಯ ಆಸ್ತಿ ಜಪ್ತಿ ಆಗುತ್ತಿದ್ದ ಕಾಲ ಅದು. ವಕ್ಫ್ ಆಸ್ತಿಯ ಮೇಲೆ ಕೈಹಾಕುವುದು ಅಷ್ಟು ಸುಲಭ ಇರಲಿಲ್ಲ. ಮಗನನ್ನೇ ಮುತವಲ್ಲಿ, ಅಂದರೆ ವಕ್ಫ್ ನೋಡಿಕೊಳ್ಳುವವನು, ಅಂತ ಮಾಡಿ ಸಂಬಳ ಗೊತ್ತು ಮಾಡಿದರೆ ಮನೆಯೂ ನಡೆಯಿತು, ಪುಣ್ಯವೂ ಬಂತು.

ಆದರೆ ಆ ಪುಣ್ಯದ ಊಟ ನಿಜವಾದ ಊಟ. ಆಟೊಮನ್ ಸುಲ್ತಾನ್ ಸುಲೇಮಾನನ ಹೆಂಡತಿ ಹುರ್ರೆಮ್, ಹುಡುಗಿಯಾಗಿದ್ದಾಗ ದಾಸಿಯಾಗಿ ಮಾರಾಟವಾಗಿ ಬಂದವಳು. 1552ರಲ್ಲಿ ಅವಳು ಜೆರುಸಲೇಮಿನಲ್ಲಿ ದಾಸೋಹದ ಅಡುಗೆಮನೆ ತೆರೆದಳು. ಖರ್ಚಿಗೆ ಪ್ಯಾಲೆಸ್ಟೀನಿನ ಹಳ್ಳಿಗಳ ಕಂದಾಯವನ್ನು ಬರೆಸಿದಳು. ಬೆಳಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿ ನುಚ್ಚಿನದು, ಜೊತೆಗೆ ರೊಟ್ಟಿ. ಶುಕ್ರವಾರ ಮತ್ತು ಹಬ್ಬಕ್ಕೆ ಮಾಂಸದ ಅನ್ನ, ಕೇಸರಿ ಹಾಕಿದ ಸಿಹಿ ಅನ್ನ. ದಿನಕ್ಕೆ ಸುಮಾರು 400 ಬಡವರು. ಊಟದ ಸರದಿ ಕೂಡ ಗೊತ್ತು ಮಾಡಿದ್ದರು: ಮೊದಲು ಸಿಬ್ಬಂದಿ, ಆಮೇಲೆ ಅತಿಥಿಗಳು, ಕೊನೆಗೆ ಬಡವರು. ಯಾರಿಗಾಗಿ ಅಡುಗೆಯೋ ಅವರೇ ಕೊನೆಯ ಪಂಕ್ತಿ! ಅದೇನೇ ಇರಲಿ, ಜೆರುಸಲೇಮಿನ ಹಳೇ ಪೇಟೆಯಲ್ಲಿ ಅವಳ ಹೆಸರಿನ ಅಡುಗೆಮನೆ ನಮ್ಮ ಕಾಲದವರೆಗೂ ಊಟ ಬಡಿಸುತ್ತ ಬಂದಿದೆ.

ಆಟೊಮನ್ ರಾಜ್ಯದಲ್ಲಿ ಹೊಲ, ಮನೆ ಬಿಟ್ಟು ನಗದನ್ನೇ ವಕ್ಫ್ ಮಾಡಿದವರೂ ಇದ್ದರು. ಅದನ್ನು ಸಾಲ ಕೊಟ್ಟು ವರ್ಷಕ್ಕೆ ಶೇ. 10ರಿಂದ 15ರಷ್ಟು ಬರುವಂತೆ ಮಾಡುವುದು. ಬಡ್ಡಿ ಅನ್ನುವಂತಿಲ್ಲವಲ್ಲ, ಅದಕ್ಕೆ ಸಾಲಗಾರ ಮನೆಯನ್ನು ವಕ್ಫಿಗೆ ಮಾರಿದ ಹಾಗೆ ಬರೆದು, ಅದೇ ಮನೆಯಲ್ಲಿ ಬಾಡಿಗೆ ಕೊಟ್ಟು ಇದ್ದು, ಕೊನೆಗೆ ವಾಪಸ್ ಕೊಳ್ಳುತ್ತಿದ್ದ. ಇದು ಸರಿಯಲ್ಲ ಅಂತ ವಿದ್ವಾಂಸ ಬಿರ್ಗಿವಿ ಹಟ ಹಿಡಿದ. ಧರ್ಮಶಾಸ್ತ್ರದ ಅಭಿಪ್ರಾಯ ಹೇಳುವ ಮುಖ್ಯ ಮುಫ್ತಿ ಎಬುಸ್ಸೂದ್, ಇದನ್ನು ನಿಲ್ಲಿಸಿದರೆ ಊರಿನ ಧರ್ಮಕಾರ್ಯಗಳೇ ನಿಲ್ಲುತ್ತವೆ ಅಂದ. ಎಬುಸ್ಸೂದನ ಮಾತೇ ನಡೆಯಿತು.

ಒಮ್ಮೆ ಬರೆದ ಪತ್ರವನ್ನು ಬದಲಿಸಲಾಗದೆ ವಕ್ಫ್ ಆಸ್ತಿ ಜಡವಾಯಿತು, ಅದರಿಂದ ವ್ಯಾಪಾರವೂ ಹಿಂದೆ ಬಿತ್ತು ಅನ್ನುವುದು ಆರ್ಥಿಕ ಇತಿಹಾಸಕಾರ ತಿಮೂರ್ ಕುರಾನ್ ಅವರ ವಾದ. ನನಗೆ ಅರ್ಧ ಒಪ್ಪಿಗೆ. ಖಾಜಿ ಒಪ್ಪಿದರೆ ಹಳೇ ಆಸ್ತಿ ಬದಲಾಯಿಸಿ ಬೇರೆ ತೆಗೆದುಕೊಳ್ಳಬಹುದಿತ್ತು, ದೀರ್ಘ ಗುತ್ತಿಗೆಗೂ ಕೊಡಬಹುದಿತ್ತು. ಜನ ದಾರಿ ಹುಡುಕಿಕೊಂಡೇ ಇದ್ದರು. ಆದರೆ ಹತ್ತು ವಕ್ಫ್ ಒಟ್ಟು ಸೇರಿಸಿ ಒಂದು ದೊಡ್ಡ ಬ್ಯಾಂಕು ಕಟ್ಟಲು ಆಗಲಿಲ್ಲ, ಅದು ನಿಜ.

ಪ್ರಶ್ನೆ: ತೆರಿಗೆ ಕಡಿಮೆ ಮಾಡಿದರೆ ಆದಾಯ ಜಾಸ್ತಿ ಆಗುತ್ತದೆ ಅಂತ ಇತಿಹಾಸಕಾರ ಇಬ್ನ್ ಖಲ್ದೂನ್ ಹೇಳಿದ್ದು ಹೌದಾ?

ಉತ್ತರ: ಹತ್ತಿರ ಹತ್ತಿರ ಹೌದು. ರಾಜವಂಶ ಹೊಸದಾಗಿದ್ದಾಗ ಕಡಿಮೆ ದರಕ್ಕೆ ಹೆಚ್ಚು ಆದಾಯ, ಹಳತಾದಾಗ ಹೆಚ್ಚು ದರಕ್ಕೆ ಕಡಿಮೆ ಆದಾಯ ಅಂತ 1377ರ ‘ಮುಕದ್ದಿಮಾ’ದಲ್ಲಿ ಬರೆದಿದ್ದಾನೆ. ಅಮೆರಿಕದ ಅಧ್ಯಕ್ಷ ರೇಗನ್ ಕೂಡ 1981ರಲ್ಲಿ ಅವನ ಹೆಸರು ಹೇಳಿದ್ದರು. ಆದರೆ ಅದೇ ಪುಸ್ತಕದ ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ. ದೊರೆ ತಾನೇ ವ್ಯಾಪಾರಕ್ಕೆ ಇಳಿಯಬಾರದು, ಅವನ ದುಡ್ಡಿನ ಮುಂದೆ ರೈತ, ವರ್ತಕ ಯಾರೂ ನಿಲ್ಲಲಾರರು ಅನ್ನುತ್ತಾನೆ. ಅವನು ಕೈರೋದಲ್ಲಿ ಖಾಜಿಯಾಗಿದ್ದು, 1406ರಲ್ಲಿ ತೀರಿಕೊಂಡ. 1422ರಲ್ಲಿ ಅದೇ ಕೈರೋದಲ್ಲಿ ಪಟ್ಟಕ್ಕೆ ಬಂದ ಸುಲ್ತಾನ್ ಬರ್ಸ್‌ಬೇ ಕರಿಮೆಣಸಿನ ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡ. ತಲೆಮಾರುಗಳಿಂದ ಕೆಂಪು ಸಮುದ್ರದಲ್ಲಿ ಮೆಣಸು ಸಾಗಿಸುತ್ತಿದ್ದ ಕಾರಿಮಿ ವರ್ತಕರು ಕೆಲವೇ ವರ್ಷಗಳಲ್ಲಿ ಮೂಲೆಗೆ ಸರಿದರು.